ಶನಿವಾರದ ಸೂಜಿ

2010 ಜೂನ್ 12, ಶನಿವಾರ

ಮುಂಬೈಗೆ ಕಳಿಸಿದ್ದ ತಮ್ಮನ ರಕ್ತದ ರಿಪೋರ್ಟ್ ಬಂತು. ಹೆಪಟೈಟಿಸ್ ಸಿ ಹೌದು. ಜೀನೋಟೈಪ್ 3. ತಮ್ಮನಿಗೆ ಫೋನ್ ಮಾಡಿದೆ. "ಮೂರು ಅಂದ್ರೆ ಜೋರಿದ್ದಾ, ಪಾಪದ್ದಾ?" ಅಂತ ಕೇಳಿದ. ಗೊತ್ತಿಲ್ಲ ಮಾರಾಯ ಎಂದೆ.

ರಾತ್ರಿ ಓದಿದೆ. ನಮ್ಮ ದೇಶದಲ್ಲಿ ಹೆಚ್ಚು ಇರುವುದು ಇದೇ ಮೂರು. ಅಮೆರಿಕದಲ್ಲಿ ಹೆಚ್ಚು ಇರುವುದು ಒಂದು. ಒಂದು ಹಠಮಾರಿ, 48 ವಾರ ಮದ್ದು ಬೇಕು. ಎರಡು ಮತ್ತು ಮೂರು ಬೇಗ ಬಗ್ಗುತ್ತವೆ, 24 ವಾರ ಸಾಕು. ಹಾಗಾದರೆ ಪಾಪದ್ದೇ. ಬೆಳಿಗ್ಗೆ ಹೇಳಬೇಕು.

ಜೂನ್ 14, ಸೋಮವಾರ

ಅಮ್ಮನದ್ದು ಒಂದೇ ಪ್ರಶ್ನೆ. ಎಲ್ಲಿಂದ ಬಂತು?

ಯುವಕ ಮಂಡಲದ ರಕ್ತದಾನಕ್ಕೆ ಹೋಗಿರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹುಷಾರಿಲ್ಲ ಎಂದು ಮಲಗಿದವನಲ್ಲ ಅವನು. 1994ರಲ್ಲಿ ಅಡಿಕೆ ಮರದಿಂದ ಬಿದ್ದು ತೊಡೆ ಮುರಿದಾಗ ಎರಡು ಬಾಟ್ಲಿ ರಕ್ತ ಕೊಟ್ಟಿದ್ದರು. ಆಗ ರಕ್ತಕ್ಕೆ ಸಿ ಪರೀಕ್ಷೆ ಕಡ್ಡಾಯ ಇರಲಿಲ್ಲ. ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಅದಲ್ಲದಿದ್ದರೆ ನಾವು ಸಣ್ಣವರಿದ್ದಾಗ ಜ್ವರ ಬಂದಾಗೆಲ್ಲ ಚುಚ್ಚಿಸಿಕೊಳ್ಳುತ್ತಿದ್ದ ಗಾಜಿನ ಸಿರಿಂಜು. ಊರಿಗೆಲ್ಲ ಒಂದೇ. ಡಾಕ್ಟರ ಬೆಂಚಿನ ಮೇಲೆ ಅವನ ಪಕ್ಕ ನಾನೂ ಕೂತಿರುತ್ತಿದ್ದೆ.

ಅವನ ಹೆಂಡತಿಗೂ ಮಗಳಿಗೂ ಇಲ್ಲ. ನನ್ನದು ಮಾಡಿಸಿಲ್ಲ. ಮಾಡಿಸಬೇಕು.

ಜೂನ್ 19, ಶನಿವಾರ

ಮಂಗಳೂರು. ಇಡೀ ಬೆಳಿಗ್ಗೆ ಕಾದು ಹತ್ತು ನಿಮಿಷದ ಮಾತು. ಡಾಕ್ಟರು ಒಳ್ಳೆಯವರು, ಅವಸರದವರು. ಚೀಟಿಯ ಹಿಂದೆ ಬರೆದುಕೊಟ್ಟರು.

ಸಾದಾ ಇಂಟರ್‌ಫೆರಾನ್. 30 ಲಕ್ಷ ಯೂನಿಟ್, ವಾರಕ್ಕೆ ಮೂರು ಸಲ. ನಮ್ಮ ದೇಶದಲ್ಲೇ ತಯಾರಾಗುತ್ತದೆ. ಒಟ್ಟು ಲಕ್ಷದೊಳಗೆ ಮುಗಿಯುತ್ತದೆ.

ಪೆಗ್ ಇಂಟರ್‌ಫೆರಾನ್ 2ಎ. ವಾರಕ್ಕೆ ಒಂದೇ. ಎಲ್ಲರಿಗೂ 180 ಮೈಕ್ರೋಗ್ರಾಂ.

ಪೆಗ್ 2ಬಿ. ಅದೂ ವಾರಕ್ಕೆ ಒಂದು. ತೂಕ ನೋಡಿ, ಕೆಜಿಗೆ ಒಂದೂವರೆ ಮೈಕ್ರೋಗ್ರಾಂ.

ಮೂರರಲ್ಲಿ ಯಾವುದಾದರೂ ಜೊತೆಗೆ ದಿನಾ ರಿಬಾವಿರಿನ್ ಮಾತ್ರೆ, 800 ಮಿಲಿಗ್ರಾಂ. ಪೆಗ್ ಆದರೆ ಆರು ತಿಂಗಳಿಗೆ ನಾಲ್ಕು ಲಕ್ಷ ದಾಟುತ್ತದೆ. "ಯೋಚನೆ ಮಾಡಿ ಹೇಳಿ" ಎಂದರು.

ಬಸ್ಸಿನಲ್ಲಿ ತಮ್ಮ ಮಾತಾಡಲಿಲ್ಲ. ಮಾಣಿ ದಾಟಿದ ಮೇಲೆ ಒಮ್ಮೆ, "ನಾಲ್ಕು ಲಕ್ಷಕ್ಕೆ ಒಂದು ಜೀಪು ಬರ್ತದೆ ಅಕ್ಕ" ಎಂದ.

ಜೂನ್ 24, ಗುರುವಾರ

ಸುಳ್ಯದ ಕೆ.ವಿ.ಜಿ. ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿರುವ ಭಾವನ ಮಗ ಪ್ರಿಂಟ್ ತೆಗೆದು ತಂದುಕೊಟ್ಟ. ಹತ್ತನೆಯವರ ಉತ್ತರಪತ್ರಿಕೆಯನ್ನು ಬದಿಗಿಟ್ಟು ಅದನ್ನೇ ಓದಿದೆ. ಶಾಲೆಯ ಅರ್ಧ ಉಳಿದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದೆ.

2002ರದ್ದು, 1121 ಜನ. ಎರಡು ಮತ್ತು ಮೂರನೇ ಜೀನೋಟೈಪಿನವರಲ್ಲಿ ಪೆಗ್ 2ಎ ತೆಗೆದುಕೊಂಡವರು 76 ಶೇಕಡ ವಾಸಿ. ಸಾದಾ ತೆಗೆದುಕೊಂಡವರು 61.

2001ರದ್ದು, 1530 ಜನ. ಪೆಗ್ 2ಬಿ ಮತ್ತು ಸಾದಾ. ಎರಡು ಮತ್ತು ಮೂರರವರಲ್ಲಿ ಎಲ್ಲ ಗುಂಪಿನವರೂ ಸುಮಾರು 80.

ಮೊದಲನೆಯದನ್ನು ನಂಬಿದರೆ ಸಾದಾ ಕೊಡುವುದು ಪಾಪ. ಎರಡನೆಯದನ್ನು ನಂಬಿದರೆ ಪೆಗ್ ಕೊಡುವುದು ದಂಡ. ವೈರಸ್ಸು ಅದೇ, ಸಾದಾ ಸೂಜಿಯೂ ಅದೇ 30 ಲಕ್ಷ ಯೂನಿಟ್. ಒಂದು ಕಡೆ 61, ಇನ್ನೊಂದು ಕಡೆ 80 ಹೇಗೆ?

ಆಮೇಲೆ ಕಂಡಿತು. ಮೊದಲನೆಯದಕ್ಕೆ ದುಡ್ಡು ಹಾಕಿದ್ದು ಪೆಗ್ 2ಎ ಮಾಡುವ ರೋಷ್ ಕಂಪನಿ. ಎದುರಿಗೆ ಇಟ್ಟ ಸಾದಾ ಸೂಜಿ ಇನ್ನೊಂದು ಕಂಪನಿ ಷೆರಿಂಗ್‌ನದ್ದು. ಎರಡನೆಯದಕ್ಕೆ ದುಡ್ಡು ಷೆರಿಂಗ್‌ನದ್ದು, ಎರಡು ಬದಿಯ ಸೂಜಿಯೂ ಷೆರಿಂಗ್‌ನದ್ದೇ. ಇಷ್ಟು ತಿಳಿದು ಏನು ಮಾಡುವುದೆಂದು ತಿಳಿಯಲಿಲ್ಲ.

ಇನ್ನೊಂದು. ಇವರೆಲ್ಲ ಎರಡನ್ನೂ ಮೂರನ್ನೂ ಒಂದೇ ಗೋಣಿಗೆ ಹಾಕಿ ತೂಗಿದ್ದಾರೆ. 2004ರ ಒಂದರಲ್ಲಿ ಬೇರೆ ಮಾಡಿ ನೋಡಿದ್ದಾರೆ, ಪೆಗ್ 2ಬಿ, 24 ವಾರ. ಎರಡಕ್ಕೆ 93, ಮೂರಕ್ಕೆ 79. ಅಷ್ಟೇನೂ ಪಾಪದ್ದಲ್ಲ.

ಜುಲೈ 3, ಶನಿವಾರ

ಪೆಗ್‌ನಲ್ಲೇ ಎಯೋ ಬಿಯೋ ಎಂಬುದಕ್ಕೆ ಸರಿಯಾದ ಜೋಡಿ ಪಂದ್ಯ ಸಿಕ್ಕಿತು. ಐಡಿಯಲ್ ಎಂದು ಹೆಸರು, ಹೋದ ವರ್ಷದ್ದು. 3070 ಜನ. 2ಬಿಗೆ 39.8, ಅದನ್ನೇ ಕಡಿಮೆ ಡೋಸಿನಲ್ಲಿ ಕೊಟ್ಟರೆ 38.0, 2ಎಗೆ 40.9. ಅಂದರೆ ಸಮ. ದುಡ್ಡು ಷೆರಿಂಗ್‌ನದ್ದು, ಗೆಲುವು ಷೆರಿಂಗ್‌ಗೆ ಸಿಕ್ಕಿಲ್ಲ. ಹಾಗಾಗಿ ನಂಬಬಹುದು ಅನ್ನಿಸಿತು.

ಆದರೆ ಇದೇ ವರ್ಷ ಇಟಲಿಯಿಂದ ಎರಡು. ಒಂದರಲ್ಲಿ 2ಎ 68.8, 2ಬಿ 54.4. ಇನ್ನೊಂದರಲ್ಲಿ 66 ಮತ್ತು 54. ಎರಡರಲ್ಲೂ ಎ ಮುಂದೆ.

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ನಕ್ಕರು. "ಟೀಚರೇ, ನೀವು ಹೇಳುವ ಆ ಮೂರು ಸಾವಿರ ಜನರಲ್ಲಿ ನಿಮ್ಮ ತಮ್ಮನ ವೈರಸ್ಸಿನವರು ಒಬ್ಬರೂ ಇಲ್ಲ. ಎಲ್ಲ ಒಂದನೇ ಟೈಪಿನವರು."

ಪುಟದ ಆ ಭಾಗಕ್ಕೆ ಅಡ್ಡ ಗೆರೆ ಹಾಕಿದೆ. ಹರಿಯಲಿಲ್ಲ.

ಜುಲೈ 11, ಭಾನುವಾರ

ದುಡ್ಡಿನ ಮಾತು. ಯಶಸ್ವಿನಿ ಕಾರ್ಡು ಆಪರೇಶನ್‌ಗೆ ಮಾತ್ರ. ಔಷಧಿಗೆ ಇಲ್ಲ. ತಮ್ಮನ ಹತ್ತಿರ ಹಳೆ ಅಡಿಕೆ ಸ್ವಲ್ಪ ಉಂಟು, ರೇಟು ಬರಲಿ ಎಂದು ಇಟ್ಟದ್ದು. ಸೊಸೈಟಿಯಲ್ಲಿ ಸಾಲ ಹಳೆಯದೇ ಬಾಕಿ. ಅವನ ಮಾವನ ಮನೆ ಅರಂತೋಡಿನ ಆಚೆ. ಹಳದಿ ಎಲೆ ರೋಗ ಬಂದು ಆ ತೋಟದಲ್ಲಿ ಈಗ ಮನೆಗೆ ಬೇಕಾದ ಅಡಿಕೆಯೂ ಆಗುವುದಿಲ್ಲ. ಅವರನ್ನು ಕೇಳುವುದು ಹೇಗೆ.

ನಮ್ಮ ಮನೆಯವರು ಕಾಗದ ಪೆನ್ನು ತೆಗೆದುಕೊಂಡರು. "ನೂರು ಜನಕ್ಕೆ ಹದಿನೈದು ಜನ ಹೆಚ್ಚು ವಾಸಿ, ಅದೂ ಒಂದು ಲೆಕ್ಕದಲ್ಲಿ. ಅದಕ್ಕೆ ಮೂರು ಲಕ್ಷ ಹೆಚ್ಚು." ಲೆಕ್ಕ ಸರಿ ಇತ್ತು. ನನಗೆ ಸಿಟ್ಟು ಬಂತು. ನಿಮ್ಮ ತಮ್ಮನಾದರೆ ಎಂದು ಕೇಳಿಬಿಟ್ಟೆ. ಊಟ ಮಾಡದೆ ಎದ್ದು ಹೋದರು.

ರಾತ್ರಿ 11. ಇವರೇ ಬಂದು, ಚಿನ್ನ ಬ್ಯಾಂಕಿನಲ್ಲಿ ಇಡೋಣ ಎಂದರು. ಕರಿಮಣಿ ಒಂದು ಬಿಟ್ಟು.

ಜುಲೈ 18, ಭಾನುವಾರ

ತಮ್ಮನ ಮನೆಗೆ ಹೋಗಿದ್ದೆ. ಆಲಂಕಾರಿನಿಂದ ಒಳಗೆ ರಸ್ತೆಗೆ ಮರ ಬಿದ್ದಿತ್ತು. ಗುರುವಾರದಿಂದ ಕರೆಂಟ್ ಇಲ್ಲ. ಫ್ರಿಜ್ಜಿನ ಮೇಲೆ ಒಣಮೀನಿನ ಡಬ್ಬ, ಒಳಗೆ ಮಗಳ ಪುಸ್ತಕ, ಒದ್ದೆಯಾಗದಿರಲಿ ಎಂದು.

ಸಾದಾ ಸೂಜಿಯೂ ಪೆಗ್ 2ಎಯೂ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಂಜುಗಟ್ಟಬಾರದು, ಅಲುಗಾಡಿಸಬಾರದು. ವಾರಕ್ಕೆ ಮೂರು ಸಲದ್ದಾದರೆ ಅಲ್ಲಿ ಇಡುವ ಹಾಗಿಲ್ಲ, ವಾರಕ್ಕೆ ಮೂರು ಸಲ ಪುತ್ತೂರಿಗೆ ಬರುವ ಹಾಗೂ ಇಲ್ಲ. ಮಳೆಗಾಲದ ತೋಟ ಬಿಟ್ಟು ಯಾರು ಬರುತ್ತಾರೆ.

ಇಷ್ಟೂ ಪ್ರಿಂಟ್ ಓದಿದ್ದು ದಂಡವಾಯಿತೇ ಎನ್ನಿಸಿತು. ಮೆಸ್ಕಾಂನವರ ಕಂಬ ತೀರ್ಮಾನ ಮಾಡಿತು. ಪೆಗ್. ಸೂಜಿ ನಮ್ಮ ಮನೆಯ ಫ್ರಿಜ್ಜಿನಲ್ಲಿ. ಶನಿವಾರ ಸಂಜೆ ಬಂದು ಭಾನುವಾರ ಹೋಗುವುದು. ಹಿಂದಿನ ಬೀದಿಯ ರಿಟೈರ್ಡ್ ಸಿಸ್ಟರ್ ಚುಚ್ಚಿಕೊಡುತ್ತಾರೆ.

ಎ ಅಥವಾ ಬಿ? ಬಿ ಪುಡಿ, ಕಲಸಿ ತೆಗೆಯಬೇಕು. ಎ ಸಿರಿಂಜಿನಲ್ಲೇ ತುಂಬಿ ಬರುತ್ತದೆ. ಸಿಸ್ಟರ್ ಎ ಎಂದರು, ಕನ್ನಡಕ ಒರೆಸುತ್ತ.

ಆದರೆ ತಮ್ಮ 54 ಕೆಜಿ. ನೂರು ಕೆಜಿಯ ಅಮೆರಿಕದವನಿಗೂ 180, ಇವನಿಗೂ 180. ಬಿ ಆದರೆ ಇವನಿಗೆ 80 ಮಾತ್ರ. ಎರಡರ ಮೈಕ್ರೋಗ್ರಾಂ ಒಂದಕ್ಕೊಂದು ಹೋಲಿಸಬಾರದು, ಅಣುವಿಗೆ ಕಟ್ಟಿದ ಪೆಗ್ ಬೇರೆ ಬೇರೆ, ಎಂದು ಡಾಕ್ಟರು. ಸರಿ. ಆದರೂ.

ಜುಲೈ 25, ಭಾನುವಾರ

ರಿಬಾವಿರಿನ್ ನಡೆಯುವಾಗ ಗರ್ಭ ನಿಲ್ಲಬಾರದು. ಗಂಡ ತೆಗೆದುಕೊಂಡರೂ ಸರಿಯೇ. ಮುಗಿದ ಮೇಲೂ ಆರು ತಿಂಗಳು. ಡಾಕ್ಟರು ತಮ್ಮನಿಗೆ ಹೇಳಿದ್ದರು, ತಮ್ಮ ಹೆಂಡತಿಗೆ ಹೇಳಿರಲಿಲ್ಲ. ನಾನು ಹೇಳಬೇಕಾಯಿತು, ಬಚ್ಚಲಿನ ಒಲೆಗೆ ಸೋಗೆ ಹಾಕುತ್ತಿದ್ದಳು.

ಅವಳಿಗೆ 34. ಇನ್ನೊಂದು ಬೇಕೆಂದು ಎರಡು ವರ್ಷದಿಂದ ಆಸೆ. "ಒಂದು ವರ್ಷ ಅಲ್ವಾ ಅತ್ತಿಗೆ" ಅಂದಳು. ಹೌದು ಎಂದೆ. ಮತ್ತೆ ಸೋಗೆ ಹಾಕಿದಳು.

ಆಗಸ್ಟ್ 7, ಶನಿವಾರ

ಸಂಜೆ 6.30. ಹೊಟ್ಟೆಯ ಚರ್ಮಕ್ಕೆ. ಅರ್ಧ ಎಂ.ಎಲ್. ನೀರಿನಂಥದ್ದು. "ಇಷ್ಟೇನಾ?" ಅಂದ.

ರಾತ್ರಿ 9. ಗಂಜಿ, ಉಪ್ಪಿನಕಾಯಿ. ಕ್ರಿಕೆಟ್ ನೋಡಿದ. ಏನೂ ಇಲ್ಲ.

12.40. ನಡುಕ. ಎರಡು ಕಂಬಳಿ, ಮೇಲೆ ಇವರ ಸ್ವೆಟರು. ಹಲ್ಲು ಕಟಕಟ. 103. ಪ್ಯಾರಾಸಿಟಮಾಲ್.

3.15. ಬೆವರು. ಹಾಸಿಗೆ ಒದ್ದೆ. "ಅಮ್ಮನಿಗೆ ಹೇಳ್ಬೇಡ" ಅಂದ.

ಭಾನುವಾರ ಬೆಳಿಗ್ಗೆ ಎದ್ದು ಚಾ ಕುಡಿದು, ತೋಟಕ್ಕೆ ಮದ್ದು ಬಿಡುವವರು ನಾಳೆ ಬರ್ತಾರೆ, ಹೋಗ್ಬೇಕು ಎಂದ. ಹೋದ.

ಆಗಸ್ಟ್ 22, ಭಾನುವಾರ

ಜ್ವರ ಕಡಿಮೆ. ಒಳ್ಳೆಯ ಬೆಳಗು. ಪೆಗ್ ಎಂದರೆ ಎಂತ ಎಂದು ಅವನೇ ಕೇಳಿದ. ಇಂಟರ್‌ಫೆರಾನ್ ನಮ್ಮ ಮೈಯಲ್ಲೇ ಆಗುವ ವಸ್ತು, 1957ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದರು, ಬಾಟ್ಲಿಯದ್ದು ಹಾಕಿದರೆ ಕೆಲವೇ ಗಂಟೆಯಲ್ಲಿ ಅರ್ಧ ಖಾಲಿಯಾಗುತ್ತದೆ, ಅದಕ್ಕೇ ವಾರಕ್ಕೆ ಮೂರು ಸಲ ಎಂದೆ. ಪಾಲಿಎಥಿಲೀನ್ ಗ್ಲೈಕಾಲ್ ಅಂಟಿಸಿದರೆ ನಿಲ್ಲುತ್ತದೆ. ಬಿ ಅರ್ಧವಾಗಲು 40 ಗಂಟೆ, ಎ ಅದರ ಇಮ್ಮಡಿ.

ಸ್ವಲ್ಪ ಹೊತ್ತು ಯೋಚಿಸಿದ. "ಅಂದ್ರೆ ಅಡಿಕೆಗೆ ಬಿಡುವ ಮೈಲುತುತ್ತಿಗೆ ರಾಳ ಹಾಕಿದ ಹಾಗೆ. ಮಳೆಗೆ ತೊಳೆದು ಹೋಗದ ಹಾಗೆ."

ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಹೊಳೆಯಲಿಲ್ಲ.

ಸೆಪ್ಟೆಂಬರ್ 5, ಭಾನುವಾರ

ನಾಲ್ಕು ವಾರದ ರಕ್ತ. ವೈರಸ್ಸು ಕಾಣಿಸುತ್ತಿಲ್ಲ! ಡಾಕ್ಟರು ತುಂಬ ಒಳ್ಳೆಯ ಗುರುತು ಎಂದರು.

ಅದೇ ಚೀಟಿಯಲ್ಲಿ ಹಿಮೋಗ್ಲೋಬಿನ್ 14.1ರಿಂದ 10.6. ರಿಬಾವಿರಿನ್ ಮಾಡುವುದು. ಮರ ಹತ್ತಬಾರದು, ಏಣಿ ಹತ್ತಬಾರದು. ಗುಡ್ಡೆ ಹತ್ತಿ ಮನೆಗೆ ಹೋಗುವಾಗ ಎರಡು ಕಡೆ ಕೂರುತ್ತಾನಂತೆ.

ನಿನ್ನೆ ಶಾಲೆಯಲ್ಲಿ ಮಕ್ಕಳು ಶಿಕ್ಷಕರ ದಿನಕ್ಕೆ ಹೂ ಕೊಟ್ಟರು.

ಅಕ್ಟೋಬರ್ 9, ಶನಿವಾರ

ಮಂಗಳೂರಿನ ಬೆಂಚಿನಲ್ಲಿ ಸುಳ್ಯದ ಒಬ್ಬ ಟೈಲರ್. ಅವರದ್ದೂ ಮೂರನೇ ಟೈಪು. ಆಗಸ್ಟಿನಲ್ಲೇ ಶುರು. ಸಾದಾ ಸೂಜಿ. ತನಗೆ ತಾನೇ ಚುಚ್ಚಿಕೊಳ್ಳುತ್ತಾರೆ, ಸೋಮ, ಬುಧ, ಶುಕ್ರ. "ಸೂಜಿ ಹಿಡಿಯುವ ಕೈ ಅಲ್ವಾ ಮೇಡಂ." ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಡುತ್ತಾರೆ, ಕೋಳಿ ಮಸಾಲೆಯ ಪಕ್ಕ. ಜ್ವರ ಎಲ್ಲ ಮೊದಲ ವಾರವೇ ಮುಗಿಯಿತಂತೆ.

ಅವರ ನಾಲ್ಕು ವಾರದ ರಿಪೋರ್ಟ್ ಕೇಳಿದೆ. ಮಾಡಿಸಿಲ್ಲ. ಆ ಪರೀಕ್ಷೆಗೇ ಒಂದು ತಿಂಗಳ ಸೂಜಿಯಷ್ಟು ಖರ್ಚು. "ಕೊನೆಗೆ ಒಂದೇ ಸಲ ನೋಡುವ." ತಮ್ಮ ಅವರನ್ನೇ ನೋಡುತ್ತಿದ್ದ. ನಾನು ನೋಟ್‌ಬುಕ್ಕನ್ನು ಬ್ಯಾಗಿನಿಂದ ತೆಗೆಯಲಿಲ್ಲ.

ಅಕ್ಟೋಬರ್ 16, ಶನಿವಾರ

ಮಾವ ಅರಂತೋಡಿನಿಂದ ನೆಲನೆಲ್ಲಿ ಕಿತ್ತು ತಂದಿದ್ದಾರೆ. ಮಜ್ಜಿಗೆಯಲ್ಲಿ ಅರೆದು ಬೆಳಿಗ್ಗೆ ಕುಡಿಯಬೇಕಂತೆ, ಕಾಮಾಲೆಯ ಮದ್ದು. ತಮ್ಮನಿಗೆ ಕಾಮಾಲೆ ಬಂದೇ ಇಲ್ಲ ಎಂದರೂ ಕೇಳುವುದಿಲ್ಲ. ದೂಡಿಬಿಡಲು ಮನಸ್ಸು ಬರಲಿಲ್ಲ, ಓದಿದೆ. 1988ರಲ್ಲಿ ಮದ್ರಾಸಿನವರು ನೆಲನೆಲ್ಲಿಯನ್ನು ಹೆಪಟೈಟಿಸ್ ಬಿ ಇರುವವರಿಗೆ ಕೊಟ್ಟು ಲ್ಯಾನ್ಸೆಟ್‌ನಲ್ಲಿ ಬರೆದಿದ್ದಾರೆ. 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಯಿತು. ಬಿ ವೈರಸ್ಸಿಗೆ ನೊಬೆಲ್ ಪಡೆದ ಬ್ಲೂಂಬರ್ಗ್ ಕೂಡ ಅದರಲ್ಲಿ ಸೇರಿದ್ದರು. ಆಮೇಲೆ ಬೇರೆಯವರು ಮಾಡಿದಾಗ ಹಾಗೆ ಬರಲಿಲ್ಲ. ಮತ್ತು ಅದು ಬಿ, ನಮ್ಮದು ಸಿ.

ಡಾಕ್ಟರು ಬೇಡ ಎಂದರು. ಮಾವನಿಗೆ ನಾನು, ಸೂಜಿ ಮುಗಿದ ಮೇಲೆ ಕೊಡುವ ಎಂದೆ. ಸಮಾಧಾನವಾದರು.

ಅಕ್ಟೋಬರ್ 30, ಶನಿವಾರ

ಬಿಳಿ ರಕ್ತಕಣ ಇಳಿದಿದೆ. ನ್ಯೂಟ್ರೋಫಿಲ್ 680. 750ಕ್ಕಿಂತ ಕೆಳಗೆ ಹೋದರೆ ಡೋಸ್ ಇಳಿಸಬೇಕು. 180ರಿಂದ 135. ಸಿರಿಂಜಿನಲ್ಲೇ 135ರ ಗೆರೆ ಉಂಟು. ಮೇಲಿನದ್ದನ್ನು ಚೆಲ್ಲಿ ಉಳಿದದ್ದು ಚುಚ್ಚುವುದು.

ಸಿಸ್ಟರ್ ಹತ್ತಿಗೆ ಹಿಂಡಿದರು. ನಾಲ್ಕರಲ್ಲಿ ಒಂದು ಪಾಲು. ಬೆಲೆ ಕಡಿಮೆಯಾಗುವುದಿಲ್ಲ. ಹತ್ತಿಯನ್ನು ನಾವು ಮೂವರೂ ನೋಡಿದೆವು.

54 ಕೆಜಿಗೆ 180 ಹೆಚ್ಚಾಯಿತೇ? ಬಿ ಆಗಿದ್ದರೆ ಇಳಿಯುತ್ತಿರಲಿಲ್ಲವೇ? ಬಿ ತೆಗೆದುಕೊಂಡವರಲ್ಲೂ ಇಳಿಯುತ್ತದೆ, ಓದಿದ್ದೇನೆ. ಓದಿದ್ದು ಈ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ನವೆಂಬರ್ 20, ಶನಿವಾರ

ಕೂದಲು ಉದುರುತ್ತಿದೆ. ಬಚ್ಚಲಿನ ತೂತಿನಲ್ಲಿ ಉಂಡೆ. ಅದಕ್ಕೆ ಅವನಿಗೇನೂ ಇಲ್ಲ. ಆದರೆ ಮಾತಿಲ್ಲ. ಕೆಲಸದವರ ಮೇಲೆ ಕೂಗಾಟ, ಇಬ್ಬರು ಬರುವುದು ಬಿಟ್ಟಿದ್ದಾರೆ. ಟಿ.ವಿ. ಸೀರಿಯಲ್ ನೋಡಿ ಕಣ್ಣೊರೆಸಿಕೊಂಡ. ನನ್ನ ತಮ್ಮ. ಅಪ್ಪ ಹೋದಾಗ ಅಳದವನು.

"ಈ ಮದ್ದು ಯಾರಿಗೆ ಅಕ್ಕ? ನಂಗೆ ಮೊದಲು ಏನೂ ಆಗ್ತಿರಲಿಲ್ಲ."

ಅದಕ್ಕೆ ಉತ್ತರ ಇದೆ. ಇಪ್ಪತ್ತು ವರ್ಷದ ಮೇಲೆ ಲಿವರ್ ಗಂಟುಗಂಟಾಗುವುದು, ನೀರು ತುಂಬುವುದು. ಹೇಳಲಿಲ್ಲ. ಇವತ್ತು ಅದನ್ನು ಕೇಳುವ ಮುಖ ಇರಲಿಲ್ಲ.

ನವೆಂಬರ್ 24, ಬುಧವಾರ

ತಮ್ಮನ ಹೆಂಡತಿಯ ಫೋನ್. "ಅತ್ತಿಗೆ, ರಾತ್ರಿ ಎದ್ದು ತೋಟದ ಪಂಪಿನ ಹತ್ತಿರ ಹೋಗಿ ಕೂತುಕೊಳ್ತಾರೆ. ಕರೆದ್ರೆ ಬರೂದಿಲ್ಲ."

ಡಾಕ್ಟರಿಗೆ ಹೇಳಿದೆ. ಇಂಟರ್‌ಫೆರಾನ್ ಯಾವುದಾದರೂ ಇದನ್ನು ಮಾಡುತ್ತದೆ ಎಂದರು. ಸಾದಾ, ಎ, ಬಿ, ಇದರಲ್ಲಿ ಭೇದ ಇಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಮಾತ್ರೆ ಶುರು.

ನನ್ನ ತಲೆಯಲ್ಲಿ ಇರುವುದು ಬೇರೆ. ಒಳಕೋಣೆಯ ಗೋಡೆಯಲ್ಲಿ ಕೋವಿ ಉಂಟು. ಅಪ್ಪನ ಲೈಸೆನ್ಸ್, ಈಗ ಅವನದ್ದು. ಮಂಗ ಓಡಿಸಲಿಕ್ಕೆ. ಅವಳಿಗೆ ಹೇಳಿದರೆ ಹೆದರುತ್ತಾಳೆ. ಹೇಳದಿದ್ದರೆ?

ಡಿಸೆಂಬರ್ 4, ಶನಿವಾರ

ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಚುನಾವಣೆ ಬಂದಿದೆ. ಕೋವಿಯನ್ನು ಠಾಣೆಯಲ್ಲಿ ಇಡಬೇಕು. ಪ್ರತಿ ಚುನಾವಣೆಗೂ ಕೃಷಿಕರು ಬೈದುಕೊಂಡು ಹೋಗಿ ಇಡುತ್ತಾರೆ. ತಮ್ಮನೂ ಬೈದ. ಮಂಗಗಳು ಎಳನೀರು ಬಿಡುತ್ತಿಲ್ಲ, ಇವರದ್ದೊಂದು ಎಂದು.

ಕಡಬ ಠಾಣೆಗೆ ಕೊಟ್ಟು ರಶೀದಿ ತಂದ. ಆ ರಶೀದಿಯನ್ನು ನಾನು ಎರಡು ಸಲ ಓದಿದೆ.

ಡಿಸೆಂಬರ್ 11, ಶನಿವಾರ

ಸುಬ್ರಹ್ಮಣ್ಯದಲ್ಲಿ ಷಷ್ಠಿ. ಬಸ್ಸುಗಳೆಲ್ಲ ತುಂಬಿ ಕಡಬದಿಂದ ನಿಂತೇ ಬಂದ. ಬೂದು ಮುಖ. ಸಿಸ್ಟರ್, ಈ ವಾರ ಬಿಡುವ ಎಂದರು. ಅವನೇ ಅಂಗಿ ಎತ್ತಿದ. "ಬಿಟ್ರೆ ಮುಗಿಯುವ ದಿನ ಮುಂದೆ ಹೋಗ್ತದೆ."

2011 ಜನವರಿ 9, ಭಾನುವಾರ

ಚುನಾವಣೆ ಮುಗಿಯಿತು. ಕೋವಿ ವಾಪಸು ತರಲು ಹೇಳಿಕೆ ಬಂದಿದೆಯಂತೆ. ರಶೀದಿ ಎಲ್ಲಿ ಎಂದು ಅವನು ಹುಡುಕಿದ. ಅದು ನನ್ನ ಹತ್ತಿರ, ಈ ಡೈರಿಯ ಹಿಂದಿನ ಜೇಬಿನಲ್ಲಿ. ಅವನ ಹೆಂಡತಿಯೇ ತಂದುಕೊಟ್ಟದ್ದು, ನಾನು ಕೇಳುವ ಮೊದಲೇ. ಅವಳು ಏನೂ ಹೇಳಲಿಲ್ಲ, ನಾನೂ.

ಜನವರಿ 15, ಶನಿವಾರ

ಕೊನೆಯದ್ದು. ಸಿಸ್ಟರ್ ಎಳ್ಳುಬೆಲ್ಲ ಕೊಟ್ಟರು. ಸಿರಿಂಜನ್ನು ಡಬ್ಬಕ್ಕೆ ಹಾಕಿ ಮುಚ್ಚಳ ತಿರುಗಿಸುವಾಗ ಅವನು, "ಇನ್ನು ಶನಿವಾರ ಎಂತ ಮಾಡೂದು?" ಅಂದ. ಇವರು ಜೋರಾಗಿ ನಕ್ಕರು. ತುಂಬ ದಿನದ ಮೇಲೆ.

ವೈರಸ್ಸು ಈಗಲೂ ಕಾಣಿಸುತ್ತಿಲ್ಲ. ಆದರೆ ಲೆಕ್ಕಕ್ಕೆ ಬರುವುದು ಮದ್ದು ನಿಲ್ಲಿಸಿ ಆರು ತಿಂಗಳ ಮೇಲಿನದ್ದು. ಅಲ್ಲಿಯವರೆಗೆ ಏನೂ ಹೇಳುವ ಹಾಗಿಲ್ಲ.

ಏಪ್ರಿಲ್ 17, ಭಾನುವಾರ

ಪುತ್ತೂರು ಬೆಡಿ. ತೇರಿಗೆ ಎಲ್ಲರೂ ಬಂದಿದ್ದರು. ಅವನ ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಮಗಳು ಅಪ್ಪನ ಭುಜದ ಮೇಲೆ. ಎರಡು ತಟ್ಟೆ ಚರುಮುರಿ ತಿಂದ. ಅವನ ಹೆಂಡತಿ ದಿನ ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತು. ಜುಲೈವರೆಗೆ.

ಬ್ಲೂಂಬರ್ಗ್ ಈ ತಿಂಗಳು ತೀರಿಕೊಂಡರು ಎಂದು ಎಲ್ಲೋ ಓದಿದೆ. ಮಾವನಿಗೆ ಹೇಳಬೇಕು, ನೆಲನೆಲ್ಲಿಯವರು ಎಂದು.

ಜುಲೈ 28, ಗುರುವಾರ

ಪತ್ತೆಯಾಗಿಲ್ಲ.

ಇವತ್ತು ವಿಶ್ವ ಹೆಪಟೈಟಿಸ್ ದಿನವಂತೆ, ವಿಶ್ವ ಆರೋಗ್ಯ ಸಂಸ್ಥೆ ಈ ತಾರೀಕಿಗೆ ಆಚರಿಸುವುದು ಇದೇ ಮೊದಲು. ಬ್ಲೂಂಬರ್ಗ್ ಹುಟ್ಟಿದ ದಿನ. ರಿಪೋರ್ಟ್ ಕೊಟ್ಟ ಹುಡುಗಿ ಹೇಳಿದಳು, ಒಂದು ಬ್ಯಾಡ್ಜ್ ಕೊಟ್ಟಳು.

ತಮ್ಮ ಫೋನಿನಲ್ಲಿ, "ಆಯ್ತು" ಅಂದ. ಮತ್ತೆ, "ಅಡಿಕೆಗೆ ಕೊಳೆ ಶುರುವಾಗಿದೆ" ಅಂದ. ಹೆಂಡತಿಗೆ ಕೊಟ್ಟ. ಅವಳಿಗೆ ಮಾತು ಬರಲಿಲ್ಲ.

ರಾತ್ರಿ. ಕೋವಿಯ ರಶೀದಿ ಇನ್ನೂ ಇಲ್ಲೇ ಇದೆ. ಅವನು ಕೇಳುವುದನ್ನು ಬಿಟ್ಟು ಕೆಲವು ತಿಂಗಳಾಯಿತು. ಅವನಿಗೆ ಗೊತ್ತಿತ್ತೇ?

ಸೆಪ್ಟೆಂಬರ್ 17, ಶನಿವಾರ

ಸುಳ್ಯದಲ್ಲಿ ಮದುವೆ. ಪೇಟೆಯಲ್ಲಿ ಆ ಟೈಲರ್ ಅಂಗಡಿ ಕಂಡಿತು, ಒಳಗೆ ಹೋದೆ. ಶಾಲೆ ಯೂನಿಫಾರ್ಮಿನ ರಾಶಿಯ ನಡುವೆ ಕೂತಿದ್ದಾರೆ. ಅವರದ್ದೂ ಪತ್ತೆಯಾಗಿಲ್ಲ. ಒಂದು ಲಕ್ಷದೊಳಗೆ. ಡೋಸ್ ಒಮ್ಮೆಯೂ ಇಳಿಸಿಲ್ಲ.

ಸಂತೋಷವಾಯಿತು. ನಿಜವಾಗಿ ಆಯಿತು. ಬಸ್ಸಿನಲ್ಲಿ ಕೂತ ಮೇಲೆ ಬೇರೆ ಏನೋ ಆಯಿತು, ಅದನ್ನು ಬರೆಯುವುದು ಬೇಡ. ಬ್ಯಾಂಕಿನಲ್ಲಿರುವ ಬಳೆ ನೆನಪಾಯಿತು ಎಂದಷ್ಟೇ.

ನೂರರಲ್ಲಿ 61 ಜನರಲ್ಲಿ ಅವರೂ ಒಬ್ಬರು. ಅಥವಾ 80 ಜನರಲ್ಲಿ. ತಮ್ಮ 76 ಜನರಲ್ಲಿ ಒಬ್ಬ. ಅವನಿಗೆ ಸಾದಾದ್ದು ಸಾಕಾಗುತ್ತಿತ್ತೋ ಇಲ್ಲವೋ ಎಂದು ಯಾವ ಪ್ರಯೋಗವೂ ಹೇಳುವುದಿಲ್ಲ, ಅವನು ಒಬ್ಬನೇ ಇರುವುದು. ಅವನಿಗೆ ಟೈಲರ್ ಸುದ್ದಿ ಹೇಳಿಲ್ಲ. ಹೇಳಿದರೆ ನಗುತ್ತಾನೋ, ಜೀಪಿನ ಮಾತು ತೆಗೆಯುತ್ತಾನೋ.

2012 ನವೆಂಬರ್ 4, ಭಾನುವಾರ

ಈ ಪುಸ್ತಕದಲ್ಲಿ ಹಾಳೆ ಉಳಿದಿದೆ. ಪೇಪರಿನಲ್ಲಿ ಪೆಗಾಸಿಸ್, ಅಂದರೆ ತಮ್ಮನ ಪೆಗ್ 2ಎಯ, ಹೆಸರು ನೋಡಿ ಬರೆಯುತ್ತಿದ್ದೇನೆ. ರೋಷ್‌ಗೆ 2006ರಲ್ಲಿ ಕೊಟ್ಟಿದ್ದ ಪೇಟೆಂಟನ್ನು ಚೆನ್ನೈಯ ಮೇಲ್ಮನವಿ ಮಂಡಳಿ ರದ್ದು ಮಾಡಿದೆ. ಇಂಟರ್‌ಫೆರಾನಿಗೆ ಪೆಗ್ ಕಟ್ಟುವುದು ಆ ವಿಷಯ ತಿಳಿದವರಿಗೆ ಹೊಳೆಯುವಂಥದ್ದೇ, ಹೊಸ ಶೋಧವಲ್ಲ ಎಂದು. ಕೇಸು ಹಾಕಿದ್ದು ಮುಂಬೈಯ ಸಂಕಲ್ಪ್ ಎಂಬ ಸಂಸ್ಥೆ, ಮಾದಕ ವ್ಯಸನದಿಂದ ಹೊರಬರುವವರ ಜೊತೆ ಕೆಲಸ ಮಾಡುವವರು. ಆರು ತಿಂಗಳಿಗೆ 4,36,000 ರೂಪಾಯಿ ಎಂದು ಬರೆದಿದ್ದಾರೆ.

ಇವರು ಓದಿ, "ಎರಡು ವರ್ಷ ತಡ" ಎಂದರು.

2018 ಆಗಸ್ಟ್ 19, ಭಾನುವಾರ

ಮಳೆ ನಿಂತಿಲ್ಲ. ಜೋಡುಪಾಲದಲ್ಲಿ ಗುಡ್ಡ ಜಾರಿ ಸಂಪಾಜೆ ರಸ್ತೆ ಬಂದ್. ಮಾವನ ಮನೆಯವರು ಕ್ಷೇಮ, ನೆಂಟರು ಬಂದು ತುಂಬಿದ್ದಾರಂತೆ.

ಶಾಲೆಯಲ್ಲಿ ಜೊತೆಗಿದ್ದ ಟೀಚರ್ ಬಂದಿದ್ದಳು. ಅವಳ ಗಂಡನಿಗೆ ಸಿ. ನನ್ನ ಹಳೆಯ ನೋಟ್‌ಬುಕ್ ಬೇಕಂತೆ, ಯಾವ ಸೂಜಿ ಒಳ್ಳೆಯದೆಂದು ನೋಡಲು. ಈಗ ಸೂಜಿಯೇ ಇಲ್ಲ ಎಂದೆ. ಸೊಫೊಸ್‌ಬುವಿರ್ ಜೊತೆ ಇನ್ನೊಂದು ಸೇರಿದ ಮಾತ್ರೆ, ದಿನಕ್ಕೊಂದು, 12 ವಾರ. ಜ್ವರ ಇಲ್ಲ, ನೂರರಲ್ಲಿ 95ಕ್ಕಿಂತ ಹೆಚ್ಚು ಜನ ವಾಸಿ. ಸೊಫೊಸ್‌ಬುವಿರ್ ಅಮೆರಿಕದಲ್ಲಿ ಮೊದಲು ಬಂದಾಗ ಅದರ ಒಂದು ಮಾತ್ರೆಗೇ ಸಾವಿರ ಡಾಲರ್ ಇತ್ತು. ಇಲ್ಲಿ ನಮ್ಮ ಕಂಪನಿಗಳು ಮಾಡಿ, ಇಡೀ ಕೋರ್ಸಿಗೆ ಆಗಿನ ಮೂರು ಸೂಜಿಯ ದುಡ್ಡು. ಹೋದ ತಿಂಗಳು 28ರಂದು ಕೇಂದ್ರ ಸರಕಾರ ಉಚಿತವಾಗಿ ಕೊಡುವ ಕಾರ್ಯಕ್ರಮ ಶುರು ಮಾಡಿದೆ. ನಮ್ಮ ಕಡೆಗೆ ಯಾವಾಗ ತಲುಪುತ್ತದೋ ವಿಚಾರಿಸಬೇಕು.

"ನಿಮ್ಮದು ಮಾಡಿಸಿದ್ದೀರಾ ಟೆಸ್ಟ್?" ಅಂತ ಕೇಳಿದಳು. ಚಾ ತರುತ್ತೇನೆ ಎಂದು ಎದ್ದೆ.

ಸಂಜೆ ತಮ್ಮನಿಗೆ ಫೋನ್. ಹಿಂದೆ ಸಣ್ಣವನ ಗಲಾಟೆ, ಐದು ವರ್ಷ ಅವನಿಗೆ. ನೋಟ್‌ಬುಕ್ ಕೇಳಿದ ವಿಷಯ ಹೇಳಿದೆ. "ಅದನ್ನು ಯಾರಿಗೂ ಕೊಡಬೇಡ ಮಾರಾಯ್ತಿ, ಓದಿದ್ರೆ ಹೆದರಿಯೇ ಸಾಯ್ತಾರೆ." ಮತ್ತೆ ತೋಟದ ಮಾತು. ಕೊಳೆ ಈ ವರ್ಷ ಜೋರು. ಎರಡನೇ ಮದ್ದು ಬಿಟ್ಟ ಮೇಲೆ ಮೂರನೆಯದಕ್ಕೆ ಬಿಸಿಲೇ ಸಿಕ್ಕಿಲ್ಲ. ರಾಳ ಹಾಕಿದ್ದರೂ ನಿಲ್ಲಲಿಲ್ಲವಂತೆ.